ಏಕಾದಶಿಯ ದಿನ ಸಿಗದ ಗೆಂಡೆ

ಮಾನ್ವಿಯ ಕಲಾಯಿ ಗುಲಾಮ್ ದಸ್ತಗೀರನಿಗೆ ಎರಡು ವಿಷಯದಲ್ಲಿ ಭಾರಿ ಅಭಿಮಾನ. ಒಂದು, ಅವನು ಕಲಾಯಿ ಹಾಕಿಕೊಟ್ಟ ಹಿತ್ತಾಳೆ ಪಾತ್ರೆಯಲ್ಲಿ ವರ್ಷಪೂರ್ತಿ ಹುಳಿ ಕುದಿಸಿದರೂ ಕಿಲುಬು ಹತ್ತುವುದಿಲ್ಲ. ಇನ್ನೊಂದು, ಹಳ್ಳದಲ್ಲಿ ಗಾಳ ಹಾಕುವುದರಲ್ಲಿ ತುಂಗಭದ್ರೆಯಿಂದ ಕೃಷ್ಣೆಯವರೆಗೆ ತನ್ನ ಕೈಯಂಥ ಕೈ ಇನ್ನೊಂದಿಲ್ಲ. ಮೊದಲನೆಯದು ಕೊನೆಯವರೆಗೂ ಖರೆಯಾಗಿತ್ತು. ಎರಡನೆಯದು ಎಪ್ಪತ್ತಾರನೇ ಇಸವಿಯ ಯುಗಾದಿಯವರೆಗೆ ಖರೆಯಾಗಿತ್ತು.

ಬಲೆ ಬೀಸುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಅದೂ ಒಂದು ಬೇಟಿ ಏನು? ಕಸ ಬಳಿದಂಗ ಬಳೀತಾರ" ಎನ್ನುತ್ತಿದ್ದ. ಅವನ ಸಾಮಾನು ಬೇರೆ. ಎರಡಾಳುದ್ದದ ಬಿದಿರು ಕೋಲು, ತುದಿಗೆ ಹೋಗುತ್ತ ಹೋಗುತ್ತ ಕಡ್ಡಿಯಷ್ಟು ಸಣ್ಣ. ಬಜಾರಿನಲ್ಲಿ ನೈಲಾನು ದಾರ ಬೇಕಾದಷ್ಟು ಸಿಗುತ್ತಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ರಾಯಚೂರಿಗೆ ತವರ ತರಲು ಹೋದಾಗ ಸ್ಟೇಷನ್ ಮುಂದಿನ ಟಾಂಗಾದವರಿಗೆ ಬೀಡಿ ಕೊಟ್ಟು, ಕುದುರೆಯ ಬಾಲದ ಬಿಳಿ ಕೂದಲು ಕಿತ್ತು ತರುತ್ತಿದ್ದ. ಅದೂ ಗಂಡು ಕುದುರೆಯದೇ ಆಗಬೇಕು. ಹೆಣ್ಣು ಕುದುರೆಯ ಬಾಲ ಉಚ್ಚೆಯಲ್ಲಿ ನೆನೆದು ನೆನೆದು ಸತ್ವ ಕಳೆದುಕೊಂಡಿರುತ್ತದೆಂದು ಅವನ ಲೆಕ್ಕ. ಮೂರು ಮೂರು ಕೂದಲು ಹೊಸೆದು ಗಂಟು ಹಾಕಿದರೆ ದಾರ ನೀರಿನಲ್ಲಿ ಕಾಣುತ್ತಲೇ ಇರಲಿಲ್ಲ. ಕೊಕ್ಕೆಯ ಮೇಲೆ ಒಂದು ಗೇಣು ಬಿಟ್ಟು ಜೋಳದ ಕಾಳಿಗಿಂತ ಸಣ್ಣದೊಂದು ತವರದ ಗುಂಡು. ಆ ಗುಂಡು ಅವನದೇ ಕಲಾಯಿಯ ತವರ, ಅವನದೇ ಕೈಕೆಲಸ. ಅದರ ತೂಕದಲ್ಲೇ ತನ್ನ ವಿದ್ಯೆಯೆಲ್ಲ ಇದೆ ಎಂದು ಅವನು ನಂಬಿದ್ದ.

ಎಡದಂಡೆ ಕಾಲುವೆಗೆ ನೀರು ಬಂದಮೇಲೆ ಗದ್ದೆಗಳ ಬಸಿನೀರು ಸೇರಿ ಊರ ಹೊರಗಿನ ಹಳ್ಳ ಬೇಸಿಗೆಯಲ್ಲೂ ಹರಿಯತೊಡಗಿತ್ತು. ಫಾಲ್ಗುಣ ಕಳೆಯುವ ಹೊತ್ತಿಗೆ ಕೆಸರು ಕೂತು, ನೀರು ತಿಳಿಯಾಗಿ, ತಳದ ಹರಳು ಎಣಿಸುವಷ್ಟು ಚೊಕ್ಕವಾಗುತ್ತಿತ್ತು. ಆಗ ಗೆಂಡೆ ಮೀನು ಹಿಡಿಯುವುದು ಸುಮ್ಮನೆ ಮಾತಲ್ಲ. ನೆರಳು ಬಿದ್ದರೆ ಓಡುತ್ತದೆ, ಕೆಮ್ಮಿದರೆ ಓಡುತ್ತದೆ. ದಪ್ಪ ದಾರ ಕಂಡರಂತೂ ನಮ್ಮನ್ನು ನೋಡಿ ನಕ್ಕು ಓಡುತ್ತದೆ. ಅಂಥ ದಿನಗಳಲ್ಲೇ ದಸ್ತಗೀರ ಹೊತ್ತು ಮೂಡುವ ಮುಂಚೆ ಹಳ್ಳಕ್ಕೆ ಹೋಗಿ, ನಾಲ್ಕೈದು ಗೆಂಡೆ ಬುಟ್ಟಿಗಿಳಿಸಿ, ಹೆಂಡತಿ ಕುಬ್ರಾ ಬೇಗಂಳ ಕೈಗೆ ಕೊಟ್ಟು, ಒಂಬತ್ತಕ್ಕೆಲ್ಲ ತಿದಿ ಹೊತ್ತುಕೊಂಡು ಬ್ರಾಹ್ಮಣರ ಓಣಿ ಸೇರುತ್ತಿದ್ದ. ಯುಗಾದಿ ಮುಂದೆ ಅಲ್ಲಿ ಮನೆಮನೆಗೂ ಕಲಾಯಿ ಕೆಲಸ.

ಆ ಓಣಿಯ ಸತ್ಯಭಾಮಾಬಾಯಿಯ ಮನೆಗೆ ಅವನು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ. ಹಿತ್ತಲಲ್ಲಿ ಕುಣಿ ತೋಡಿ, ತಿದಿ ಹೂಡಿ ಕೂತರೆ, ಆಕೆ ಅಡುಗೆಮನೆ ಮೆಟ್ಟಿಲ ಮೇಲೆ ದೂರ ಕೂತು ಪಾತ್ರೆ ಎಣಿಸುತ್ತ ಮಾತಾಡುತ್ತಿದ್ದಳು. ಮಾತೆಲ್ಲ ಕೊನೆಗೆ ಒಬ್ಬನೇ ಮಗ ಜಗನ್ನಾಥನ ಹತ್ತಿರ ಬಂದು ನಿಲ್ಲುತ್ತಿತ್ತು. ಆಕೆಯ ಗಂಡ ದೊಡ್ಡ ಪಂಡಿತರು. ಅವರು ಪ್ರವಚನಕ್ಕೆ ಕೂತರೆ ಮಠದ ಅಂಗಳ ಸಾಲುತ್ತಿರಲಿಲ್ಲ. ಮಗ ಹದಿನೆಂಟನೇ ವರ್ಷಕ್ಕೆ ಅದೇ ಅಂಗಳದಲ್ಲಿ ಎದ್ದು ನಿಂತು, ಮೊದಲ ಶ್ಲೋಕಕ್ಕೇ ತಡವರಿಸಿ, ಬೆವತು ಕೂತುಬಿಟ್ಟ. ಹಾಡಿಗೆ ಹಚ್ಚಿದರು, ಶ್ರುತಿ ಸಿಗಲಿಲ್ಲ. ಪಂಚಾಂಗಕ್ಕೆ ಹಚ್ಚಿದರು, ಮುಹೂರ್ತ ತಪ್ಪಿಟ್ಟು ಮದುವೆ ಮನೆಯವರಿಂದ ಬೈಸಿಕೊಂಡ. ಕೊನೆಗೆ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾದ, ಅಲ್ಲೂ ಹುಡುಗರು ಅವನ ಮಾತು ಕೇಳುತ್ತಿರಲಿಲ್ಲ.

"ನಮ್ಮ ಜಗನ್ನಾಥಗ ಯಾವುದೂ ಕೈ ಹತ್ತಲಿಲ್ಲ ನೋಡು ದಸ್ತಗೀರ" ಎನ್ನುತ್ತಿದ್ದಳು ಆಕೆ. ಬೈಗುಳವಲ್ಲ ಅದು. ಹೊಟ್ಟೆಯೊಳಗಿನ ಸಂಕಟವನ್ನು ಕಲಾಯಿಯವನ ಮುಂದೆ ಹೇಳಿಕೊಂಡರೆ ಓಣಿಗೆ ಹಬ್ಬುವುದಿಲ್ಲ ಎಂಬ ಧೈರ್ಯವಷ್ಟೆ. ದಸ್ತಗೀರನೂ ಪಾಪ ಅನ್ನುತ್ತಿದ್ದ. ಮುಂದೆ ಅದೇ ಜಗನ್ನಾಥನ ಮೇಲೆ ಹೊಟ್ಟೆ ಉರಿದುಕೊಳ್ಳುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ತಿದಿ ಬಿಟ್ಟು ನಗುತ್ತಿದ್ದ.

ಜಗನ್ನಾಥ ಮಾಸ್ತರು ದಿನಾ ಬೆಳಗಿಗೆ ಹಳ್ಳಕ್ಕೆ ಬಂದು ಸ್ನಾನ ಮಾಡಿ, ತಾಮ್ರದ ಕೊಡದಲ್ಲಿ ಮಡಿನೀರು ಒಯ್ಯುತ್ತಿದ್ದರು. ಮನೆಯ ಬಾವಿ ಉಪ್ಪು. ಏಕಾದಶಿ ದಿನ ಮಾತ್ರ ಮಠದಲ್ಲಿ ಬೆಳಗಿನಿಂದ ಪಾರಾಯಣ, ಅಂದು ಹಳ್ಳಕ್ಕೆ ಬರುತ್ತಿರಲಿಲ್ಲ. ಮೊದಮೊದಲು ದೂರ ಕೂತು ಜಪ ಮಾಡುತ್ತಿದ್ದರು. ಆಮೇಲೆ ಜಪದ ಹೊತ್ತಿನಲ್ಲಿ ಕಣ್ಣು ದಸ್ತಗೀರನ ದಾರದ ಮೇಲೇ ಇರತೊಡಗಿತು. ಒಂದು ದಿನ ತಡೆಯಲಾಗದೆ ಬಾಯಿಬಿಟ್ಟರು.

"ದಸ್ತಗೀರ ಸಾಬ್ರ, ಅಲ್ಲಿ ಹಾಕಬ್ಯಾಡ್ರಿ. ಆ ಕರಿ ಕಲ್ಲಿನ ಎಡಕ್ಕ ನೀರು ತಿರುಗತದಲ್ಲ, ಅದರ ಮ್ಯಾಲಿಂದ ತೇಲಿಬಿಡ್ರಿ."

"ಜಪ ಮುಗೀತೇನ್ರಿ ಮಾಸ್ತರ?" ಎಂದು ದಸ್ತಗೀರ ಚುಚ್ಚಿದ. ಆದರೆ ಮಾಸ್ತರು ನೀರಿಗಿಳಿದು ಬೆನ್ನು ತಿರುಗಿಸಿದಾಗ ಕರಿ ಕಲ್ಲಿನ ಎಡಕ್ಕೇ ಗಾಳ ಬಿಟ್ಟ. ಎರಡನೇ ಸಲಕ್ಕೆ ಅಂಗೈಯಗಲದ ಗೆಂಡೆ ಬಂತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಮೀನು ತನ್ನದು, ಜಾಗ ಇನ್ನೊಬ್ಬನದು ಎಂಬ ಮಾತು ಬೆಳಗೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕ ಮೀನಿನ ಮುಳ್ಳಾಗಿ ಕುಟುಕುತ್ತಿತ್ತು.

ಹೀಗೇ ನಾಲ್ಕು ದಿನ ಕಳೆಯಿತು. ದಿನವೂ ಮಾಸ್ತರು ಹೇಳಿದ ಕಡೆಯೇ ಮೀನು. ಐದನೇ ದಿನ ದಸ್ತಗೀರನಿಗೆ ರೇಗಿತು. ಮಾಸ್ತರನ್ನು ಹೆದರಿಸಿ ಬಾಯಿ ಮುಚ್ಚಿಸಬೇಕೆಂದೇ ಕೋಲನ್ನು ಅವರ ಮುಂದೆ ಚಾಚಿ, "ಅಷ್ಟು ಗೊತ್ತಿದ್ರ ನೀವ ಹಿಡೀರಿ" ಅಂದ. ಮುಟ್ಟುವುದಿರಲಿ, ಹೌಹಾರಿ ಹಿಂದಕ್ಕೆ ಸರಿಯುತ್ತಾರೆ ಅಂದುಕೊಂಡಿದ್ದ.

ಮಾಸ್ತರು ಸರಿಯಲಿಲ್ಲ. ಕೋಲು ತೆಗೆದುಕೊಂಡು ಒಮ್ಮೆ ಅಲುಗಿಸಿದರು. ದಾರದ ಮೇಲೆ ಬೆರಳಾಡಿಸಿ ತವರದ ಗುಂಡಿನ ಹತ್ತಿರ ನಿಂತರು. "ಇದು ಬ್ಯಾಡ್ರಿ, ಭಾರ ಆಗ್ತದ" ಎಂದು ಉಗುರಿನಿಂದ ಬಿಡಿಸಿ ಅವನ ಕೈಗೇ ಕೊಟ್ಟರು. ದಂಡೆಯ ಹೊಂಗೆ ಮರದಿಂದ ಹೂವುಗಳು ಉದುರಿ ನೀರಿನ ಮೇಲೆ ತೇಲಿ ಹೋಗುತ್ತಿದ್ದವು. ಒಂದನ್ನು ಹೆಕ್ಕಿ ಕೊಕ್ಕೆಗೆ ಸಿಕ್ಕಿಸಿದರು. ಗುಂಡಿಲ್ಲ, ಬೆಂಡಿಲ್ಲ, ಕುದುರೆ ಕೂದಲು, ಅದರ ತುದಿಗೆ ಒಂದು ಹೂವು. ಅದು ಉಳಿದ ಹೂವುಗಳ ಜೊತೆ ತೇಲುತ್ತ ಕರಿ ಕಲ್ಲು ದಾಟಿತು, ನೀರು ತಿರುಗುವ ಕಡೆ ಒಂದು ಗಳಿಗೆ ನಿಂತಿತು. ಕೆಳಗಿಂದ ಬಾಯೊಂದು ಮೆಲ್ಲಗೆ ಎದ್ದು ಅದನ್ನು ಒಳಗೆ ತೆಗೆದುಕೊಂಡಿತು.

ಮುಂದಿನದನ್ನು ದಸ್ತಗೀರ ಸಾಯುವವರೆಗೆ ಮರೆಯಲಿಲ್ಲ. ಅವನಾಗಿದ್ದರೆ ಜಗ್ಗುತ್ತಿದ್ದ. ಮಾಸ್ತರು ಮಣಿಕಟ್ಟು ಇಷ್ಟೇ ಇಷ್ಟು ತಿರುಗಿಸಿದರು. ಸೇರಿಗಿಂತ ಹೆಚ್ಚು ತೂಕದ ಗೆಂಡೆ ಹಳ್ಳದ ಉದ್ದಗಲ ಓಡಿತು, ಮೂರು ಕೂದಲ ದಾರ ಹರಿಯಲಿಲ್ಲ. ಅದು ಎಳೆದಾಗ ಬಿಟ್ಟರು, ನಿಂತಾಗ ಕರೆದುಕೊಂಡರು. ಶಾಲೆಯಲ್ಲಿ ನಲವತ್ತು ಹುಡುಗರನ್ನು ಸುಮ್ಮನಿರಿಸಲಾಗದ ಮನುಷ್ಯ ಅದನ್ನು ಕಾಲ ಬುಡಕ್ಕೆ ತಂದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಟ್ಟುಬಿಟ್ಟ.

"ಏನ್ ಮಾಡಿದ್ರಿ ಮಾಸ್ತರ!" ದಸ್ತಗೀರ ಕೂಗಿದ.

"ನನಗೇನ್ ಬೇಕ್ರಿ ಅದು?" ಎಂದು ಮಾಸ್ತರು ನಕ್ಕರು. ಅವರ ಮುಖದಲ್ಲಿ ಅಂಥ ನಗೆಯನ್ನು ದಸ್ತಗೀರ ಮೊದಲು ನೋಡಿರಲಿಲ್ಲ. ಅಷ್ಟು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ, ಬೇಡದವನ ಕೈಗೆ ಒಂದೇ ಬೆಳಗಿನಲ್ಲಿ ಹೀಗೆ ಬಂದು ಕೂತಿತಲ್ಲ! ಅಂದೇ ಅವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು.

ಆಮೇಲಾದದ್ದು ವಿಚಿತ್ರ ಒಪ್ಪಂದ. ಮಾಸ್ತರಿಗೆ ಗಾಳದ ಹುಚ್ಚು ಹತ್ತಿತು, ಆದರೆ "ನಮ್ಮವ್ವಗ ಗೊತ್ತಾದ್ರ ನಾ ಸತ್ತಂಗ" ಎಂಬ ಭಯವೂ ಇತ್ತು. ದಸ್ತಗೀರ ಗುಟ್ಟು ಕಾಯುತ್ತೇನೆಂದ, ಆದರೆ ಹಿಡಿದ ಮೀನು ನೀರಿಗೆ ಬಿಡಬಾರದೆಂದ. "ಅಲ್ಲಾ ಕೊಟ್ಟ ಊಟ, ಚೆಲ್ಲಬ್ಯಾಡ್ರಿ. ನನ್ನ ಬುಟ್ಟಿಗೆ ಹಾಕ್ರಿ." ಮಾಸ್ತರು ಬಹಳ ಹೊತ್ತು ಯೋಚಿಸಿದರು. ಬುಟ್ಟಿಗೆ ಹಾಕಿದರೆ ಕೊಂದ ಪಾಪ. ಕೊನೆಗೆ ಮೀನನ್ನು ದಂಡೆಯ ಮೇಲಿನ ಒದ್ದೆ ಹುಲ್ಲಿನ ಮೇಲೆ ಇಟ್ಟು ಆಚೆ ಮುಖ ಮಾಡುವುದೆಂದು ತೀರ್ಮಾನವಾಯಿತು. ಮುಂದೆ ಅದನ್ನು ಏನು ಮಾಡುತ್ತಾನೋ ಅದು ದಸ್ತಗೀರನ ಪಾಲಿನದು. ದೊಡ್ಡ ಪಂಡಿತರ ಮಗನಲ್ಲವೇ, ಶಾಸ್ತ್ರದಲ್ಲಿ ಅಷ್ಟಾದರೂ ದಾರಿ ಸಿಗದಿದ್ದರೆ ಹೇಗೆ!

ಹೀಗೆ ಪ್ರತಿ ವಸಂತದಲ್ಲೂ ದಸ್ತಗೀರನ ಬುಟ್ಟಿ ತುಂಬಿ ತುಳುಕತೊಡಗಿತು. ಬಜಾರಿನಲ್ಲಿ ಹಾದು ಬರುವಾಗ ಅಮೀರ್ ಸಾಬ್ ತನ್ನ ಚಾ ಹೋಟೆಲಿನಿಂದ ಕೂಗಿ ಕರೆದು, ಬುಟ್ಟಿ ಮುಚ್ಚಳ ತೆಗೆಸಿ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. "ನೋಡ್ರಿ, ಕೈ ಅಂದ್ರ ಇದು! ಕುದುರಿ ಕೂದಲದಾಗ ಇಂಥಾ ಮೀನ ಯಾರು ಎತ್ತತಾರ?" ದಸ್ತಗೀರ ಗಡ್ಡ ಸವರಿಕೊಂಡು ನಿಲ್ಲುತ್ತಿದ್ದ. ಹೊಗಳಿಕೆ ಬೇಕಿತ್ತು, ಬಿಡಲಾಗುತ್ತಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಮೀನನ್ನು ಬದಿಗೆ ಸರಿಸಿ ಬರೀ ರೊಟ್ಟಿ ಮುರಿಯುತ್ತಿದ್ದ. ಬುಟ್ಟಿಯಲ್ಲಿನ ಸಣ್ಣವು ತನ್ನವು, ದೊಡ್ಡವು ಮಾಸ್ತರವು ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಕುಬ್ರಾ ಬೇಗಂ ತಿಳಿಯದೆ ಪ್ರತಿ ಸಲ ದೊಡ್ಡದನ್ನೇ ಅವನ ತಟ್ಟೆಗೆ ಬಡಿಸುತ್ತಿದ್ದಳು.

ಅವನೂ ಸುಮ್ಮನೆ ಸೋಲೊಪ್ಪಿದವನಲ್ಲ. ಮಾಸ್ತರಿಲ್ಲದಾಗ ಗುಂಡು ತೆಗೆದು, ಹೊಂಗೆ ಹೂವು ಸಿಕ್ಕಿಸಿ ನೋಡಿದ. ಹೂವು ಕೊಕ್ಕೆ ಬಿಟ್ಟು ತನ್ನ ಪಾಡಿಗೆ ತಾನು ಹೋಯಿತು. ಈ ಹಳ್ಳದ ಮೀನಿಗೇ ಮಾಸ್ತರ ಮೇಲೆ ಪ್ರೀತಿ ಇದ್ದೀತು ಎಂದು, ಕಲಾಯಿ ಕೆಲಸವಿದೆಯೆಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿ ದೇವದುರ್ಗದ ಕಡೆಯ ಮಸರಕಲ್ಲಿಗೆ ಹೋದ. ಅಲ್ಲಿಯ ಹಳ್ಳದಲ್ಲಿ ಮೂರು ದಿನ ಕೂತ. ಬೆರಳುದ್ದದ ನಾಲ್ಕು ಮೀನು ಸಿಕ್ಕವು. ಅವನ್ನು ಅಲ್ಲೇ ಬೆಕ್ಕಿಗೆ ಹಾಕಿ, ಬಿಸಿಲನ್ನೂ ಬಸ್ಸನ್ನೂ ಬೈಯುತ್ತ ಮನೆಗೆ ಬಂದ.

ಒಂದು ಸಲ ಇನ್ನೂ ಕೆಳಗಿಳಿದ. ರಾಯಚೂರಿಗೆ ಹೋದಾಗ ಬೇಕೆಂದೇ ಹೆಣ್ಣು ಕುದುರೆಯ ಬಾಲದ ಕೂದಲು ತಂದು, ಮೂರರ ಬದಲು ಎರಡೇ ಎಳೆ ಹೊಸೆದು, ಆ ದಾರದ ಕೋಲನ್ನು ಮಾಸ್ತರ ಕೈಗಿಟ್ಟ. ಒಮ್ಮೆಯಾದರೂ ದಾರ ಹರಿಯಲಿ, ಒಮ್ಮೆಯಾದರೂ ಆ ಮುಖದ ನಗೆ ಆರಲಿ ಎಂದು ಕಣ್ಣು ಕೀಲಿಸಿ ಕಾದ. ಗೆಂಡೆ ಹತ್ತಿತು. ಮಾಸ್ತರು ಎಂದಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಂಡರು, ತೊಡೆಮಟ ನೀರಿಗಿಳಿದು ಮೀನಿನ ಹಿಂದೆಯೇ ನಡೆದರು, ಕೊನೆಗೆ ತಂದು ಹುಲ್ಲಿನ ಮೇಲಿಟ್ಟರು.

"ಇವತ್ತಿನ ದಾರ ಒಂಚೂರು ಸೊರಗ್ಯದ ಅನಸ್ತದ. ಆ ಕುದುರಿ ಏನರ ಜಡ್ಡು ಬಿದ್ದಿತ್ತೇನ್ರಿ?" ಎಂದು ಕಾಳಜಿಯಿಂದ ಕೇಳಿದರು.

"ಗೊತ್ತಿಲ್ರಿ" ಅಂದ ದಸ್ತಗೀರ. ನಾಚಿಕೆ ಆಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

ಎಂಬತ್ತನೇ ಇಸವಿಯ ಹೊತ್ತಿಗೆ ಈ ಗುಟ್ಟಿಗೆ ಯಾರೂ ಎಣಿಸದ ಕಡೆಯಿಂದ ಬಿರುಕು ಬಿತ್ತು. ಮೊದಲು ಗಮನಿಸಿದವಳು ಕುಬ್ರಾ ಬೇಗಂ. "ಪಂದ್ರಾ ದಿನಾಂಕು ಏಕ್ ಬಾರ್ ತುಮನಾ ಕ್ಯಾ ಹೋತಾ ಜೀ?" ಎಂದಳು. ಹದಿನೈದು ದಿನಕ್ಕೊಮ್ಮೆ ನಿನಗೇನಾಗುತ್ತದೆ, ಆ ದಿನ ಮಾತ್ರ ಬರೀ ಮರಿಮೀನು ತರುತ್ತೀಯಲ್ಲ ಎಂಬುದು ಅವಳ ಪ್ರಶ್ನೆ. ದಸ್ತಗೀರ ಗದರಿ ಸುಮ್ಮನಾಗಿಸಿದ. ಆದರೆ ಅಮೀರ್ ಸಾಬನ ಹೋಟೆಲಿನಲ್ಲಿ ಗದರುವಂತಿರಲಿಲ್ಲ. ಅಲ್ಲಿ ದಿನಾ ಬುಟ್ಟಿ ನೋಡುವವರೇ ನೂರು ಜನ. ಒಂದು ದಿನ ಯಾರೋ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಕೂಗಿದರು, "ಇವತ್ತ ಏಕಾದಶಿ! ಹೋದ ಸಲ ಬುಟ್ಟಿ ಖಾಲಿ ಬಂದಾಗೂ ಏಕಾದಶಿನೇ ಇತ್ತಲ್ಲೋ!"

ಅಲ್ಲಿಗೆ ಮುಗಿಯಿತು. ಹೋಟೆಲು ನಗೆಯಲ್ಲಿ ಮುಳುಗಿತು. "ದಸ್ತಗೀರನ ಗೆಂಡಿ ಏಕಾದಶಿ ಮಾಡ್ತಾವ. ಒಪ್ಪತ್ತು ಅಲ್ಲ, ನಿರಾಹಾರ!" ಅಮೀರ್ ಸಾಬ್ ಅದನ್ನು ಬಂದವರಿಗೆಲ್ಲ ಚಾ ಜೊತೆ ಕೊಟ್ಟ. ಮುಂದಿನ ಏಕಾದಶಿಗೆ ದಸ್ತಗೀರ ಹಟ ಹಿಡಿದು ಕತ್ತಲಿರುವಾಗಲೇ ಹೋಗಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತ, ಕಲಾಯಿ ಕೆಲಸವನ್ನೂ ಬಿಟ್ಟ. ಎರಡು ಸಿಕ್ಕವು, ಎರಡೂ ಬೆರಳುದ್ದ. ಬಜಾರು ಬಿಟ್ಟು ಹಿಂದಿನ ಸಂದಿಯಿಂದ ಮನೆಗೆ ಹೋದ. ಊರು ತಮಾಷೆ ಮಾಡಿ ಮರೆಯಿತು. ಅವನು ಮಾತ್ರ ಮರೆಯಲಿಲ್ಲ. ಮಾಸ್ತರು ಬರದ ದಿನ ತಾನೆಷ್ಟರವನು ಎಂಬುದನ್ನು ಪಂಚಾಂಗವೇ ಊರಿಗೆ ಸಾರಿದ ಹಾಗಾಗಿತ್ತು.

ಎಂಬತ್ತೊಂದರಲ್ಲಿ ಯುಗಾದಿಗೆ ಎರಡು ದಿನವಿದ್ದಾಗ ಅವನು ಎಂದಿನಂತೆ ಸತ್ಯಭಾಮಾಬಾಯಿಯ ಹಿತ್ತಲಲ್ಲಿ ಕೂತಿದ್ದ. ಮಾಸ್ತರು ಶಾಲೆಗೆ ಹೋಗಿದ್ದರು. ಹಿತ್ತಾಳೆಯ ದೊಡ್ಡ ಡಬರಿ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿ ತೀಡಿ, ಅರಳೆಯಿಂದ ಒರೆಸುತ್ತಿದ್ದ. ಆಕೆ ಮೆಟ್ಟಿಲ ಮೇಲೆ ಕೂತಿದ್ದಳು. ಅಂದು ಪಾತ್ರೆ ಎಣಿಸಲಿಲ್ಲ.

"ದಸ್ತಗೀರ, ನಿನ್ನ ಮೀನು ಏಕಾದಶಿ ಮಾಡ್ತಾವಂತ. ಹೂವು ಮಾರೋ ಹೆಣ್ಣುಮಗಳು ಹೇಳಿದಳು."

ಅವನು ಅರಳೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಮಂದಿ ಏನಾರ ಅಂತಾರ್ರಿ ಬಾಯಾರ."

"ನನ್ನ ಮಗಾ ದಿನಾ ಹಳ್ಳದಿಂದ ಬರಾಕ ಹೊತ್ತು ಮಾಡ್ತಾನ. ಏಕಾದಶಿ ದಿನ ಅಷ್ಟ ಹಳ್ಳಕ್ಕ ಹೋಗಂಗಿಲ್ಲ. ನಾಲ್ಕೈದು ವರ್ಷದಿಂದ ಅವನ ಪಂಚಿ ತೊಳಿಯಾಕತ್ತೀನಿ, ಆ ವಾಸನಿ ಏನು ಅಂತ ತಿಳಿವಲ್ದಾಗಿತ್ತು. ಮೊನ್ನೆ ಆ ಮಾತು ಕೇಳಿದ ಮ್ಯಾಲೆ ತಿಳೀತು." ಆಕೆ ದನಿ ಏರಿಸಲಿಲ್ಲ. "ಅವ ನಿನ್ನ ಕೂಡ ಗಾಳ ಹಾಕ್ತಾನೇನು?"

ದಸ್ತಗೀರನ ಎದೆಯಲ್ಲಿ ಹೆದರಿಕೆಯೂ ಸಂತೋಷವೂ ಒಟ್ಟಿಗೇ ಎದ್ದವು. ಹೆಚ್ಚಿನದು ಸಂತೋಷವೇ. ಹೌದು ಅಂದರೆ ಸಾಕು, ಮಾಸ್ತರು ನಾಳೆಯಿಂದ ಹಳ್ಳದ ಕಡೆ ತಲೆ ಹಾಕುವುದಿಲ್ಲ. ಕರಿ ಕಲ್ಲು ತನ್ನದು, ಹೊಂಗೆ ಮರದ ನೆರಳು ತನ್ನದು. ಸುಳ್ಳು ಹೇಳಿದ ಪಾಪವೂ ಇಲ್ಲ. ಊರಲ್ಲಿ ತನ್ನ ಹೆಸರೂ ಹೋಗುವುದಿಲ್ಲ, ಯಾಕೆಂದರೆ ಈ ಮಾತನ್ನು ಆಕೆ ಸತ್ತರೂ ಹೊರಗೆ ಹಾಕುವವಳಲ್ಲ. ಅವನು ತಲೆ ಬಗ್ಗಿಸಿ, "ಬರ್ತಾರ್ರಿ" ಅಂದುಬಿಟ್ಟ.

ಬೈಗುಳ ಬರಲಿಲ್ಲ, ಅಳು ಬರಲಿಲ್ಲ. ಸತ್ಯಭಾಮಾಬಾಯಿ ಸೆರಗು ಸರಿಮಾಡಿಕೊಂಡು, ಓಣಿಯ ಕಡೆ ಯಾರೂ ಇಲ್ಲವೆಂದು ನೋಡಿಕೊಂಡು, ಮೆಟ್ಟಿಲಿನಿಂದ ಒಂದು ಮೆಟ್ಟಿಲು ಕೆಳಗಿಳಿದು ಕೂತಳು. ಇಪ್ಪತ್ತೈದು ವರ್ಷದಲ್ಲಿ ಆಕೆ ಅಷ್ಟು ಹತ್ತಿರ ಬಂದದ್ದಿಲ್ಲ.

"ಚಲೋ ಹಿಡೀತಾನೇನು?" ಎಂದು ಕೇಳಿದಳು.

ಅವನಿಗೆ ಅರ್ಥವಾಗಲಿಲ್ಲ. ಆಕೆಯ ಮುಖ ನೋಡಿದ ಮೇಲೆ ಅರ್ಥವಾಯಿತು. ನಲವತ್ತು ವರ್ಷ ಮಗನ ವಿಷಯದಲ್ಲಿ ಒಂದೇ ಒಂದು ಒಳ್ಳೆಯ ಮಾತು ಕೇಳದೆ ಬಂದವಳು, ಅದು ಮೀನು ಹಿಡಿಯುವ ಮಾತಾದರೂ ಚಿಂತೆಯಿಲ್ಲ ಎಂದು ಕಾದು ಕೂತಿದ್ದಳು. "ನೀ ಊರಿಗೇ ದೊಡ್ಡ ಕೈ ಅಂತಾರ. ನಿನ್ನಷ್ಟು ಬರ್ತದೇನು ಅವಗ? ಖರೇ ಹೇಳು, ನಾ ಯಾರ ಮುಂದೂ ಆಡೂದಿಲ್ಲ."

ನನಗಿಂತ ಚಲೋ ಬರ್ತದ್ರಿ ಬಾಯಾರ, ನಾ ಅವರ ಕಾಲ ಧೂಳು ಅಲ್ಲ. ಇಷ್ಟು ಅನ್ನಬೇಕಿತ್ತು. ಮಾತು ನಾಲಿಗೆ ತುದಿಗೂ ಬಂತು. ಆದರೆ ಆ ತಾಯಿಯ ಕಣ್ಣಿನಲ್ಲಿದ್ದ ಆಸೆಯೇ ಅವನಿಗೆ ಚುಚ್ಚಿತು. ಕಣ್ಣು, ಕೈ, ಹಳ್ಳ ಎಲ್ಲ ಆ ಮನುಷ್ಯನಿಗೇ ಸಿಕ್ಕಾಗಿದೆ, ಇನ್ನು ಇದನ್ನೂ ತಾನೇ ತನ್ನ ಕೈಯಾರೆ ಕೊಡಬೇಕೇ? ದಸ್ತಗೀರನ ತಾಯಿ ತೀರಿ ಹೋಗಿ ಮೂವತ್ತು ವರ್ಷ. ನೀನು ಚಲೋ ಹಿಡೀತಿಯೇನು ಎಂದು ಅವನನ್ನು ಯಾರೂ ಹೀಗೆ ಕಾದು ಕೂತು ಕೇಳಿರಲಿಲ್ಲ.

"ಇಲ್ರಿ ಬಾಯಾರ" ಅಂದ. "ಬರ್ತಾರ, ಕೂಡ್ತಾರ. ಕೈ ನಡುಗತಾವ. ಇಷ್ಟು ವರ್ಷದಾಗ ಒಂದೂ ಹತ್ತಿಲ್ಲ."

ಆಕೆ ತಲೆಯಾಡಿಸಿದಳು. "ಅದೂ ಬರಲಿಲ್ಲ ಅನ್ನು" ಎಂದು ಮೆಲ್ಲಗೆ ಅಂದು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಡಬರಿ ಹೆಚ್ಚು ಕಾದು ತವರ ಹಳದಿಯಾಗತೊಡಗಿತ್ತು. ಬಾಗಿಲು ತೆರೆದೇ ಇತ್ತು, ಕೂಗಿದರೆ ಕೇಳುತ್ತಿತ್ತು. ಅವನು ಕೂಗಲಿಲ್ಲ, ಡಬರಿಯನ್ನು ಮತ್ತೊಮ್ಮೆ ತಿಕ್ಕಿ ಮೊದಲಿನಿಂದ ಕಲಾಯಿ ಹಾಕಿದ.

ಮರುದಿನ ಹಳ್ಳಕ್ಕೆ ಹೋಗಬಾರದೆಂದೇ ಮಲಗಿದ್ದ, ಕಾಲು ಕೇಳಲಿಲ್ಲ. ಮಾಸ್ತರು ಆಗಲೇ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ, ಕೊಡ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು.

"ಅವ್ವಗ ಗೊತ್ತಾಗ್ಯದ" ಅಂದರು. "ಇವತ್ತ ಕೊಡಾ ಕೊಡುವಾಗ ಅಂದಳು, ಹಿಡಿಯಾಕ ಬರದಿದ್ರ ಏನಾತು, ಹೋಗು, ಹೊತ್ತಾದ್ರೂ ಅಡ್ಡಿಯಿಲ್ಲ ಅಂತ. ನಿಮ್ಮನ್ನ ಕೇಳಿದ್ಳಂತ. ಒಂದೂ ಹತ್ತಿಲ್ಲ ಅಂದ್ರಂತ ನೀವು."

 ಮಾಸ್ತರು ದಸ್ತಗೀರನ ಕೈಯಿಂದ ಕೋಲು ತೆಗೆದುಕೊಂಡರು. ಹೂವು ತೇಲಿಬಿಟ್ಟರು. ಅಂದಿನಷ್ಟು ಚೆಂದವಾಗಿ ಅವರು ಎಂದೂ ಹಿಡಿದಿರಲಿಲ್ಲ; ನೋಡುತ್ತಿದ್ದ ದಸ್ತಗೀರನಿಗೆ ಹೊಟ್ಟೆ ಉರಿಯುವುದಕ್ಕೂ ಪುರುಸೊತ್ತಾಗಲಿಲ್ಲ. ಮೊಳಕೈ ಉದ್ದದ ಗೆಂಡೆ ಬಂತು. ಮಾಸ್ತರು ಅದನ್ನು ಹುಲ್ಲಿನ ಮೇಲೆ ಇಡಲಿಲ್ಲ. ತಾಮ್ರದ ಕೊಡವನ್ನು, ದೇವರಿಗೆ ಮಡಿನೀರು ಒಯ್ಯುವ ಆ ಕೊಡವನ್ನು ಹಳ್ಳಕ್ಕೆ ಮುಳುಗಿಸಿ, ಮೀನನ್ನು ಬಾಲದಿಂದ ಮೆಲ್ಲಗೆ ಅದರೊಳಗಿಳಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಹೆಗಲ ಮೇಲೆ ಹೊತ್ತು ಊರ ಕಡೆ ನಡೆದರು.

ದಸ್ತಗೀರ ಅಲ್ಲೇ ಕೂತ. ಗಾಳ ಹಾಕಲಿಲ್ಲ. ಸುಳ್ಳು ಸಿಕ್ಕಿಬಿತ್ತು, ಇನ್ನು ಮಾಸ್ತರು ಬಂದು ಮುಖದ ಮೇಲೆ ಉಗುಳುತ್ತಾರೆ, ಉಗುಳಲಿ ಅಂದುಕೊಂಡ. ಅವರು ಬರುವಷ್ಟರಲ್ಲಿ ಹೇಳಬೇಕಾದ ಮಾತು ಹೊಂದಿಸಿಕೊಂಡ. ಹೊಟ್ಟಿಕಿಚ್ಚು ಮಾಸ್ತರ, ಬರೇ ಹೊಟ್ಟಿಕಿಚ್ಚು, ಆ ಸೊರಗಿದ ದಾರಾನೂ ನಂದ ಕೆಲಸ, ಮಾಫ್ ಮಾಡ್ರಿ. ನಾಲ್ಕು ಸಲ ಹೇಳಿಕೊಂಡ. ಹೇಳಿಕೊಂಡಷ್ಟೂ ಎದೆ ಹಗುರಾಗುತ್ತ ಬಂತು. ಐದು ವರ್ಷದಲ್ಲಿ ಮೊದಲ ಸಲ ಅವನಿಗೆ ಮಾಸ್ತರು ಬೇಗ ಬರಲಿ ಅನ್ನಿಸಿತು.

ಮಾಸ್ತರು ಬಂದರು. ಕೊಡ ಇಳಿಸಿ, ಬಾಗಿಸಿ, ಗೆಂಡೆಯನ್ನು ನೀರಿಗೆ ಬಿಟ್ಟರು. ಅದು ಒಂದು ಗಳಿಗೆ ಅಲ್ಲೇ ನಿಂತು ಆಮೇಲೆ ಕಲ್ಲಿನ ಕೆಳಗೆ ಹೋಯಿತು. ಮಾಸ್ತರ ಕಣ್ಣು ಕೆಂಪಾಗಿದ್ದವು.

"ಅವ್ವ ಬಗ್ಗಿ ನೋಡಿದಳ್ರಿ. ಇಷ್ಟು ದೊಡ್ಡದಾ ಅಂದಳು. ನೀನ ಹಿಡಿದ್ಯಾ ಅಂತ ಮೂರು ಸಲ ಕೇಳಿದಳು. ಮಡಿಕೊಡದಾಗ ತಂದೀನಿ ಅಂತ ಬೈತಾಳ ಅಂದ್ಕೊಂಡಿದ್ದೆ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರಾತು ಬಿಡು ಅಂದಳು."

ದಸ್ತಗೀರ ಎದ್ದು ನಿಂತ. "ಮಾಸ್ತರ, ನಾ ನಿನ್ನೆ..."

"ಅದನ್ನೂ ಕೇಳಿದಳು, ಮತ್ತ ದಸ್ತಗೀರ ಯಾಕ ಹಂಗ ಅಂದಾ ಅಂತ. ನಾ ಅಂದೆ, ನನ್ನ ಮಾನ ಕಾಯಾಕ ಅಂದಾರವ್ವಾ. ನಾ ಬರ್ತೀನಿ ಅನ್ನೂದು ನಿನಗ ಗೊತ್ತಾಗೇ ಬಿಟ್ಟಿತ್ತು, ಮೀನ ಕೊಂದ ಪಾಪ ಆದ್ರೂ ನನ್ನ ಮ್ಯಾಲ ಬರಬಾರದು ಅಂತ ಅವರು ಸುಳ್ಳ ಹೇಳಿದ್ರು ಅಂದೆ. ಅವ್ವ ಅತ್ತಳು. ಅಂಥಾ ಮನಷ್ಯಾ ನಿನಗ ಸಿಕ್ಕಾನಲ್ಲ ಅಂದಳು."

ಹೊಂದಿಸಿಟ್ಟ ಮಾತು ಬಾಯಲ್ಲೇ ಇತ್ತು. ದಸ್ತಗೀರ ತುಟಿ ತೆರೆದ. ಮಾಸ್ತರು ಅವನನ್ನೇ ನೋಡುತ್ತಿದ್ದರು, ಹಾಗೆ ಅವನನ್ನು ಮೊದಲು ಯಾರೂ ನೋಡಿರಲಿಲ್ಲ.

"ಅಷ್ಟೂ ಮಾಡದಿದ್ರ ಹೆಂಗ್ರಿ ಮಾಸ್ತರ" ಅಂದ.

ಮಡಿಯಲ್ಲಿದ್ದ ಮಾಸ್ತರು ಮುಂದೆ ಬಂದು, ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಕೈ ಕಿತ್ತುಕೊಂಡು ಓಡಿಬಿಡಬೇಕು ಅನ್ನಿಸಿತು ದಸ್ತಗೀರನಿಗೆ. ಕಿತ್ತುಕೊಳ್ಳಲಿಲ್ಲ.